ಅಂಕಣದಾಚೆಯ ತೀರ್ಪುಗಾರರು

"ಆ ಸಾನಿಯಾ ಮಿರ್ಜಾ ಅಂಥಾದ್ದೇನು ಸಾಧಿಸಿದಳು?" ಎಂಬ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಶಿಕ್ಷಕರ ಕೋಣೆಯಲ್ಲಿ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿಯೂ ಕೇಳಿದ್ದೇನೆ. 2023ರ ಫೆಬ್ರವರಿಯಲ್ಲಿ ದುಬೈನಲ್ಲಿ ಕೊನೆಯ ಪಂದ್ಯವನ್ನಾಡಿ ಅವರು ವೃತ್ತಿಗೆ ವಿದಾಯ ಹೇಳಿದ ಮೇಲಾದರೂ ಈ ಪ್ರಶ್ನೆ ನಿಲ್ಲಬಹುದೆಂದು ಭಾವಿಸಿದ್ದೆ. ನಿಂತಿಲ್ಲ. ಕೇಳುವವರಲ್ಲಿ ಬಹುಪಾಲು ಜನರಿಗೆ ಟೆನ್ನಿಸ್‌ನಲ್ಲಿ ಅಂಕಗಳನ್ನು ಹದಿನೈದು, ಮೂವತ್ತು, ನಲವತ್ತು ಎಂದು ಎಣಿಸುತ್ತಾರೆಂಬುದೂ ತಿಳಿಯದು. ಆದರೂ ತೀರ್ಪು ಮಾತ್ರ ಸಿದ್ಧವಾಗಿರುತ್ತದೆ! ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಉತ್ತರವನ್ನೇ ಓದದೆ ಅಂಕ ಹಾಕುವವರನ್ನು ಕಂಡರೆ ಸಿಟ್ಟು ಬರುತ್ತದೆ. ಆ ಸಿಟ್ಟೇ ಈ ಬರಹಕ್ಕೆ ಕಾರಣ.

ಮೊದಲು ಉತ್ತರಪತ್ರಿಕೆಯನ್ನು ಓದೋಣ.

2005ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸಾನಿಯಾ ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತನ್ನು ಮುಟ್ಟಿ ಸೆರೆನಾ ವಿಲಿಯಮ್ಸ್ ಅವರೆದುರು ಸೋತರು. ಫೆಬ್ರವರಿಯಲ್ಲಿ ತಮ್ಮದೇ ಊರಾದ ಹೈದರಾಬಾದಿನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅಂಥ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಮರು ವಾರಗಳಲ್ಲಿ ದುಬೈನಲ್ಲಿ, ಆಗಿನ ಅಮೆರಿಕನ್ ಓಪನ್ ಚಾಂಪಿಯನ್ ಸ್ವೆತ್ಲಾನಾ ಕುಜ್ನೆತ್ಸೋವಾ ಅವರನ್ನು ಮಣಿಸಿದರು. ಅದೇ ವರ್ಷ ಅಮೆರಿಕನ್ ಓಪನ್‌ನಲ್ಲಿ ನಾಲ್ಕನೆಯ ಸುತ್ತಿಗೆ ಏರಿದರು. 2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೆಯ ಸ್ಥಾನ ತಲುಪಿದರು. ಅವರಿಗಿಂತ ಮುಂಚೆ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ 1998ರಲ್ಲಿ ಆಸ್ಟ್ರೇಲಿಯನ್ ಓಪನ್‌ನ ಪ್ರಧಾನ ಹಂತದಲ್ಲಿ ಒಂದು ಪಂದ್ಯ ಗೆದ್ದದ್ದೇ ದೊಡ್ಡ ಸುದ್ದಿಯಾಗಿತ್ತು, ಆಗಬೇಕಾದದ್ದೂ ಹೌದು. ಆ ಒಂದು ಗೆಲುವಿನಿಂದ 27ನೆಯ ಸ್ಥಾನದವರೆಗಿನ ದಾರಿ ಎಷ್ಟು ಉದ್ದವೆಂಬುದನ್ನು ಲೆಕ್ಕ ಬಲ್ಲವರು ಊಹಿಸಬಹುದು.

ಆಮೇಲೆ ಡಬಲ್ಸ್. ಮಹೇಶ್ ಭೂಪತಿ ಅವರೊಡನೆ 2009ರ ಆಸ್ಟ್ರೇಲಿಯನ್ ಮತ್ತು 2012ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ. ಬ್ರೆಜಿಲ್‌ನ ಬ್ರೂನೊ ಸೋರೆಸ್ ಅವರೊಡನೆ 2014ರ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್. ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ಅವರೊಡನೆ 2015ರ ವಿಂಬಲ್ಡನ್, 2015ರ ಅಮೆರಿಕನ್, 2016ರ ಆಸ್ಟ್ರೇಲಿಯನ್ ಓಪನ್ ಮಹಿಳಾ ಡಬಲ್ಸ್. ಒಟ್ಟು ಆರು ಗ್ರ್ಯಾನ್‌ಸ್ಲಾಮ್. ಹಿಂಗಿಸ್ ಜೊತೆ ಸತತ 41 ಪಂದ್ಯಗಳ ಗೆಲುವು. 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನ. ಇದೇ ಹಿಂಗಿಸ್‌ರನ್ನು 2006ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸಿಂಗಲ್ಸ್ ಪಂದ್ಯವೊಂದರಲ್ಲಿ ಸಾನಿಯಾ ಸೋಲಿಸಿದ್ದರೆಂಬುದನ್ನು ಎಷ್ಟು ಜನ ನೆನಪಿಟ್ಟಿದ್ದಾರೋ ತಿಳಿಯದು.

"ಅಯ್ಯೋ, ಅದು ಬರೀ ಡಬಲ್ಸ್ ಅಲ್ಲವೇ?" ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಕನ್ನಡಿಗರಾದ ನಾವು ಉತ್ತರ ಹೇಳುವ ಮುನ್ನ ಸ್ವಲ್ಪ ತಡೆದು ಯೋಚಿಸಬೇಕು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ ಪುರುಷರ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು, ಆಸ್ಟ್ರೇಲಿಯನ್ ಓಪನ್ ಗೆದ್ದರು. ಪತ್ರಿಕೆಗಳ ಮುಖಪುಟದಲ್ಲಿ ಅವರ ಚಿತ್ರ ಬಂದಿತು, ಪದ್ಮಶ್ರೀ ಬಂದಿತು. ನಾನೂ ಹೆಮ್ಮೆಪಟ್ಟೆ. ಆ ಸಾಧನೆಗೆ ಎಷ್ಟು ಹೊಗಳಿದರೂ ಸಾಲದು. ಆಗ ಯಾರೊಬ್ಬರೂ "ಅದು ಬರೀ ಡಬಲ್ಸ್" ಎನ್ನಲಿಲ್ಲ. ಎನ್ನಬಾರದು ಕೂಡ. ಆದರೆ ಅದೇ ಡಬಲ್ಸ್‌ನಲ್ಲಿ ಅದೇ ಅಗ್ರಸ್ಥಾನವನ್ನು ಅದಕ್ಕೂ ಒಂಬತ್ತು ವರ್ಷ ಮೊದಲೇ ಏರಿದವರು ಒಬ್ಬ ಹೆಣ್ಣುಮಗಳು. ಬೋಪಣ್ಣನವರ ಬಳಿ ಎರಡು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳಿವೆ, ಸಾನಿಯಾ ಬಳಿ ಆರು. ಒಂದೇ ತಕ್ಕಡಿ, ಒಂದೇ ಧಾನ್ಯ. ತೂಕದ ಕಲ್ಲು ಮಾತ್ರ ಬೇರೆ ಬೇರೆ! ಇದನ್ನು ಬೋಪಣ್ಣನವರೇ ಒಪ್ಪಲಾರರೆಂದು ನನ್ನ ನಂಬಿಕೆ. ಹದಿನಾಲ್ಕರ ವಯಸ್ಸಿನ ಸಾನಿಯಾಗೆ ಮೊದಲ ಮಿಶ್ರ ಡಬಲ್ಸ್ ಜೊತೆಗಾರರಾಗಿದ್ದವರೇ ಅವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜೊತೆಯಾಗಿ ಆಡಿ ಕಂಚಿನ ಪದಕ ಸ್ವಲ್ಪದರಲ್ಲಿ ತಪ್ಪಿಸಿಕೊಂಡವರು. 2023ರಲ್ಲಿ ಸಾನಿಯಾರ ಕೊನೆಯ ಗ್ರ್ಯಾನ್‌ಸ್ಲಾಮ್ ಫೈನಲ್‌ನಲ್ಲಿಯೂ ಪಕ್ಕದಲ್ಲಿ ನಿಂತವರು.

ಅಲ್ಲದೆ, ಸಾನಿಯಾ ಸಿಂಗಲ್ಸ್ ಬಿಟ್ಟದ್ದು ಸೋಮಾರಿತನದಿಂದಲ್ಲ. ಅವರ ಬಲಗೈಯ ಫೋರ್‌ಹ್ಯಾಂಡ್ ಹೊಡೆತಕ್ಕೆ ಜಗತ್ತು ಬೆರಗಾಗಿತ್ತು. ಆ ಬಿರುಸಿನ ಬಹುಪಾಲು ಬರುತ್ತಿದ್ದದ್ದು ಮಣಿಕಟ್ಟಿನ ತಿರುವಿನಿಂದ. ಯಾವ ಮಣಿಕಟ್ಟು ಹೆಸರು ತಂದಿತೋ ಅದೇ ಮಣಿಕಟ್ಟು 2008ರಲ್ಲಿ ಕೈಕೊಟ್ಟಿತು, ಶಸ್ತ್ರಚಿಕಿತ್ಸೆಯಾಯಿತು. ಬೀಜಿಂಗ್ ಒಲಿಂಪಿಕ್ಸ್‌ನ ಸಿಂಗಲ್ಸ್ ಪಂದ್ಯವನ್ನು ನಡುವೆಯೇ ಬಿಟ್ಟು ಹೊರನಡೆಯಬೇಕಾಯಿತು. ಮೊಣಕಾಲುಗಳೂ ಕತ್ತರಿ ಕಂಡವು. ಕಡೆಗೆ 2013ರಲ್ಲಿ ಸಿಂಗಲ್ಸ್‌ಗೆ ವಿದಾಯ. ಅಷ್ಟಕ್ಕೇ ಮನೆಗೆ ನಡೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ, ತಮ್ಮ ದೇಹ ತಾಳಬಲ್ಲ ಆಟವನ್ನು ಆರಿಸಿಕೊಂಡು, ಎರಡೇ ವರ್ಷಗಳಲ್ಲಿ ಅದರ ತುದಿಗೆ ಏರಿದರು. ನಾವು ಮಕ್ಕಳಿಗೆ ಪಾಠದಲ್ಲಿ ಕಲಿಸುವ ಛಲವೆಂದರೆ ಇದಲ್ಲದೆ ಮತ್ತಾವುದು?

ಇನ್ನು ನಾವು ಅವರಿಗೆ ಕೇಳಿದ ಪ್ರಶ್ನೆಗಳ ಪಟ್ಟಿಯನ್ನು ನೋಡೋಣ. 2005ರಲ್ಲಿ ಆಟ ಮೇಲೇರುತ್ತಿದ್ದಾಗ ಒಂದು ವರ್ಗದ ಧರ್ಮಗುರುಗಳಿಗೆ ಅವರ ಉಡುಪು ಕಣ್ಣಿಗೆ ಬಿತ್ತು. ಕೋಲ್ಕತ್ತದ ಟೂರ್ನಿಯಲ್ಲಿ ಪೊಲೀಸ್ ಕಾವಲಿನ ನಡುವೆ ಆಡಬೇಕಾಯಿತು. 2007ರ ಕೊನೆಯಲ್ಲಿ ಹೈದರಾಬಾದಿನ ಮೆಕ್ಕಾ ಮಸೀದಿಯ ಆವರಣದಲ್ಲಿ ಜಾಹೀರಾತಿನ ಚಿತ್ರೀಕರಣ ನಡೆಯಿತೆಂದು ದೂರು. 2008ರ ಆರಂಭದಲ್ಲಿ, ಆಸ್ಟ್ರೇಲಿಯಾದಲ್ಲಿ ಆಟ ನೋಡುತ್ತ ಕಾಲು ಚಾಚಿ ಕುಳಿತಿದ್ದಾಗ ತೆಗೆದ ಒಂದು ಚಿತ್ರದಲ್ಲಿ ಪಾದದ ಸಮೀಪ ರಾಷ್ಟ್ರಧ್ವಜ ಕಂಡಿತೆಂದು ಇನ್ನೊಂದು ದೂರು. ಒಂದು ಕಡೆಯವರಿಗೆ ಅವರ ಲಂಗ ಚಿಕ್ಕದಾಗಿ ಕಂಡಿತು, ಇನ್ನೊಂದು ಕಡೆಯವರಿಗೆ ಅವರ ದೇಶಭಕ್ತಿ ಚಿಕ್ಕದಾಗಿ ಕಂಡಿತು. ಎರಡೂ ಕಡೆಯವರಿಗೆ ಚೆಂಡು ಮಾತ್ರ ಕಾಣಲಿಲ್ಲ!

ಇದರ ಫಲವನ್ನು ಉಂಡದ್ದು ನಮ್ಮ ಬೆಂಗಳೂರು. ಕಬ್ಬನ್ ಉದ್ಯಾನದ ಟೆನ್ನಿಸ್ ಅಂಗಳದಲ್ಲಿ 2006ರಿಂದ 2008ರವರೆಗೆ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ನಡೆಯಿತು. 2006ರಲ್ಲಿ ಸಾನಿಯಾ ಅಲ್ಲಿ ಲೀಜಲ್ ಹ್ಯೂಬರ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದಿದ್ದರು. 2008ರ ಮಾರ್ಚ್‌ನಲ್ಲಿ ಅಲ್ಲಿಗೆ ಬಂದವರು ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಸಹೋದರಿಯರು. ಸೆಮಿಫೈನಲ್‌ನಲ್ಲಿ ಅಕ್ಕತಂಗಿಯರೇ ಎದುರಾದರು. ಸೆರೆನಾ ಪ್ರಶಸ್ತಿ ಗೆದ್ದರು. ಜಗತ್ತಿನ ಇಬ್ಬರು ಶ್ರೇಷ್ಠ ಆಟಗಾರ್ತಿಯರು ಕರ್ನಾಟಕದ ನೆಲದಲ್ಲಿ ಆಡಿದ ಆ ವಾರದಲ್ಲಿ ಭಾರತದ ಅತ್ಯುತ್ತಮ ಆಟಗಾರ್ತಿ ಅಲ್ಲಿರಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಹುಟ್ಟಿಕೊಳ್ಳುತ್ತದೆ, ಆದ್ದರಿಂದ ಬೆಂಗಳೂರಿನಲ್ಲಿ ಆಡುವುದಿಲ್ಲ ಎಂದು ಅವರು ಫೆಬ್ರವರಿಯಲ್ಲಿಯೇ ತಿಳಿಸಿಬಿಟ್ಟಿದ್ದರು. ಹೊರದೇಶದವರಿಗೆ ಸುರಕ್ಷಿತವೆನಿಸಿದ ನಮ್ಮ ಅಂಗಳ ನಮ್ಮ ಮಗಳಿಗೆ ಭಾರವಾಯಿತು. ಇಪ್ಪತ್ತೊಂದು ವರ್ಷದ ಹುಡುಗಿ ತನ್ನ ದೇಶದಲ್ಲಿ ಆಡಲು ಹಿಂಜರಿದರೆ ನಾಚಬೇಕಾದವರು ಯಾರು? ಆಗಲೂ ನಮ್ಮವರು "ಎಷ್ಟು ಸೊಕ್ಕು ನೋಡ್ರಿ" ಎಂದರೇ ಹೊರತು, ನಾವೇನು ಮಾಡಿದೆವೆಂದು ಯೋಚಿಸಲಿಲ್ಲ.

"ಹೆಸರಾದವರು ಟೀಕೆ ಸಹಿಸಬೇಕು, ಕ್ರಿಕೆಟ್ ಆಟಗಾರರನ್ನೂ ಬೈಯುವುದಿಲ್ಲವೇ?" ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಬೈಯುತ್ತೇವೆ, ನಿಜ. ಕ್ಯಾಚು ಬಿಟ್ಟದ್ದಕ್ಕೆ ಬೈಯುತ್ತೇವೆ, ಸೊನ್ನೆಗೆ ಔಟಾದದ್ದಕ್ಕೆ ಬೈಯುತ್ತೇವೆ. ಅದು ಆಟದ ಮೇಲಿನ ಸಿಟ್ಟು. ಸಾನಿಯಾರನ್ನು ಬೈದದ್ದು ತಪ್ಪು ಸರ್ವ್ ಮಾಡಿದ್ದಕ್ಕಲ್ಲ. ಉಟ್ಟದ್ದಕ್ಕೆ, ಕುಳಿತದ್ದಕ್ಕೆ, ಮದುವೆಯಾದದ್ದಕ್ಕೆ, ಮಕ್ಕಳನ್ನು ಹೆರದಿದ್ದಕ್ಕೆ. ಈ ವ್ಯತ್ಯಾಸ ತಿಳಿಯದವರಿಗೆ ಏನು ಹೇಳೋಣ?

2010ರಲ್ಲಿ ಪಾಕಿಸ್ತಾನದ ಕ್ರಿಕೆಟಿಗ ಶೋಯಬ್ ಮಲಿಕ್ ಅವರನ್ನು ಮದುವೆಯಾದರು. ಆ ದಾಂಪತ್ಯ ಮುಂದೆ ಮುರಿದುಬಿದ್ದದ್ದು ಅವರ ಸ್ವಂತ ವಿಷಯ, ನಮಗೆ ಅದರ ಗೊಡವೆ ಬೇಡ. ಆದರೆ 2014ರಲ್ಲಿ ತೆಲಂಗಾಣ ಸರ್ಕಾರ ಅವರನ್ನು ರಾಜ್ಯದ ರಾಯಭಾರಿಯಾಗಿ ಮಾಡಿದಾಗ ಒಬ್ಬ ಶಾಸಕರು "ಪಾಕಿಸ್ತಾನದ ಸೊಸೆ" ಎಂದು ಆಕ್ಷೇಪಿಸಿದರು. ಅದೇ ವರ್ಷ, ಕೆಲವೇ ತಿಂಗಳುಗಳಲ್ಲಿ, ಇಂಚೆಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಆ "ಸೊಸೆ" ಸಾಕೇತ್ ಮೈನೇನಿ ಜೊತೆ ಆಡಿ ಚಿನ್ನ ಗೆದ್ದಾಗ ಏರಿದ್ದು ಯಾವ ದೇಶದ ಬಾವುಟ? ಮದುವೆಯ ನಂತರ ಗಂಡನ ಊರೇ ಹೆಣ್ಣಿನ ಊರು, ಅವಳಿಗೆ ತನ್ನದೆಂಬ ನಿಷ್ಠೆಯೇ ಇರುವುದಿಲ್ಲ ಎಂಬುದು ನಮ್ಮ ಹಳೆಯ ಲೆಕ್ಕ. ಆ ಲೆಕ್ಕವನ್ನು ಅವರು ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಆಡಿ ಸುಳ್ಳಾಗಿಸಿದರು.

2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ನಮ್ಮ ಗಂಡಸು ಆಟಗಾರರ ನಡುವೆ ಯಾರ ಜೊತೆ ಯಾರು ಆಡಬೇಕೆಂಬ ಜಗಳ ಹತ್ತಿತು. ಅದೇ ಜೂನ್‌ನಲ್ಲಿ ಭೂಪತಿ ಜೊತೆ ಫ್ರೆಂಚ್ ಓಪನ್ ಗೆದ್ದು ಬಂದಿದ್ದ ಸಾನಿಯಾರನ್ನು ಲಿಯಾಂಡರ್ ಪೇಸ್ ಅವರ ಜೊತೆ ಜೋಡಿಸಲಾಯಿತು. ಮುನಿಸಿಕೊಂಡವರನ್ನು ಸಮಾಧಾನಪಡಿಸಲು ತನ್ನನ್ನು ಗಾಳಕ್ಕೆ ಸಿಕ್ಕಿಸುವ ಎರೆಯಂತೆ ಬಳಸಿದರೆಂದು ಅವರು ಬಹಿರಂಗವಾಗಿಯೇ ನೊಂದು ಬರೆದರು. 2016ರಲ್ಲಿ, ವಿಶ್ವದ ಅಗ್ರಸ್ಥಾನದಲ್ಲಿದ್ದಾಗ, ಹೆಸರಾಂತ ಪತ್ರಕರ್ತರೊಬ್ಬರು ದೂರದರ್ಶನದ ಸಂದರ್ಶನದಲ್ಲಿ "ಬದುಕಿನಲ್ಲಿ ನೆಲೆಯೂರುವುದು ಯಾವಾಗ, ತಾಯಿಯಾಗುವುದು ಯಾವಾಗ?" ಎಂಬ ಧಾಟಿಯಲ್ಲಿ ಕೇಳಿದರು. ನಾನು ಈಗ ನೆಲೆಯೂರಿಲ್ಲವೆಂದು ನಿಮಗೆ ಅನಿಸುತ್ತದೆಯೇ ಎಂದು ಸಾನಿಯಾ ತಿರುಗಿ ಕೇಳಿದಾಗ, ಗಂಡಸು ಆಟಗಾರನಿಗೆ ಈ ಪ್ರಶ್ನೆಯನ್ನು ತಾನು ಕೇಳುತ್ತಿರಲಿಲ್ಲವೆಂದು ಒಪ್ಪಿ ಅವರು ಅಲ್ಲಿಯೇ ಕ್ಷಮೆ ಕೇಳಿದರು. ಅಷ್ಟು ದೊಡ್ಡತನ ಅವರಿಗಿತ್ತು. 2018ರಲ್ಲಿ ಸಾನಿಯಾ ತಾಯಿಯೂ ಆದರು. 2020ರ ಜನವರಿಯಲ್ಲಿ ಮರಳಿ ಬಂದ ಮೊದಲ ಟೂರ್ನಿಯಲ್ಲಿಯೇ, ಹೋಬಾರ್ಟ್‌ನಲ್ಲಿ, ಡಬಲ್ಸ್ ಪ್ರಶಸ್ತಿ ಗೆದ್ದರು. ಈಗೇನು ಹೇಳುತ್ತೀರಿ?

ನ್ಯಾಯವಾಗಿ ಮಾತಾಡಬೇಕಾದರೆ ಇನ್ನೊಂದು ಪ್ರಸಂಗವನ್ನೂ ಹೇಳಬೇಕು, ಅದೂ ನಮ್ಮ ರಾಜ್ಯದ್ದೇ. 2015ರಲ್ಲಿ ಸಾನಿಯಾಗೆ ಖೇಲ್‌ರತ್ನ ಘೋಷಣೆಯಾದಾಗ, 2012ರ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ಅಂಕಪದ್ಧತಿಯ ಪ್ರಕಾರ ತಾನೇ ಮುಂದಿದ್ದೇನೆಂಬುದು ಅವರ ವಾದ. ನ್ಯಾಯಾಲಯ ನೋಟಿಸ್ ನೀಡಿತು. ಆದರೂ ಆಗಸ್ಟ್ 29ರಂದು ಪ್ರಶಸ್ತಿ ಪ್ರದಾನವಾಯಿತು. ಗಿರೀಶರ ನೋವು ಸುಳ್ಳಲ್ಲ. ಅಂಗವೈಕಲ್ಯವನ್ನು ಮೀರಿ ಪದಕ ತಂದವರನ್ನು ಈ ದೇಶ ಬಹುಕಾಲ ಎರಡನೆಯ ಸಾಲಿನಲ್ಲಿಯೇ ಕೂಡಿಸಿತು. ಆದರೆ ಅಂದು ಬೀದಿಯಲ್ಲಿ ಕೇಳಿಬಂದ ಮಾತುಗಳು ಗಿರೀಶರ ಪರವಾಗಿದ್ದವೆಂದು ನಾನು ನಂಬುವುದಿಲ್ಲ. ಅದಕ್ಕೂ ಮುಂಚೆ ಗಿರೀಶರ ಹೆಸರನ್ನೇ ಎತ್ತದಿದ್ದವರು ಅಂದು ಸಾನಿಯಾರನ್ನು ಹೊಡೆಯಲು ಅವರ ಹೆಸರನ್ನು ಕೋಲಾಗಿ ಹಿಡಿದರು. ಪ್ರಶಸ್ತಿ ಮುಗಿದ ಮೇಲೆ ಆ ಕೋಲನ್ನೂ ಮೂಲೆಗೆ ಎಸೆದರು. ಇಬ್ಬರು ಸಾಧಕರಲ್ಲಿ ಒಬ್ಬರಿಗೂ ಅದರಿಂದ ನ್ಯಾಯ ದೊರೆಯಲಿಲ್ಲ.

"ಹೈದರಾಬಾದಿನ ಶ್ರೀಮಂತ ಹುಡುಗಿಯ ಕಥೆ ನಮ್ಮ ಕುಲಗೋಡಕ್ಕೇಕೆ?" ಎಂದು ಕೇಳುವವರಿದ್ದಾರೆ. ಅದಕ್ಕೇ ಬಂದೆ.

ತೊಂಬತ್ತರ ದಶಕದ ಆರಂಭದಲ್ಲಿ, ಆರು ವರ್ಷದ ಹುಡುಗಿಯಾಗಿ ಆಟ ಶುರುಮಾಡಿದಾಗ ತಾನು ಆಡಿದ್ದು ಸೆಗಣಿ ಸಾರಿಸಿದ ಅಂಕಣದ ಮೇಲೆ ಎಂದು ಸಾನಿಯಾ ಹೇಳಿಕೊಂಡಿದ್ದಾರೆ. ಸೆಗಣಿ ಸಾರಿಸಿದ ಅಂಗಳವೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದನ್ನೂ ಹೇಳಿದ್ದಾರೆ: ಬಿಸಿಲಲ್ಲಿ ಆಡಿ ಕಪ್ಪಾದರೆ ನಿನ್ನನ್ನು ಯಾರು ಮದುವೆಯಾಗುತ್ತಾರೆಂದು ಎಂಟು ವರ್ಷದ ಹುಡುಗಿಗೆ ನೆಂಟರು ಹೇಳುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಹೈದರಾಬಾದು ನೆನಪಾಗಲಿಲ್ಲ. ನಮ್ಮ ಶಾಲೆಯ ಒಬ್ಬ ಹುಡುಗಿ ನೆನಪಾದಳು. ಖೋ-ಖೋ ಆಟದಲ್ಲಿ ಅವಳು ಕಂಬ ಸುತ್ತಿ ತಿರುಗಿದಳೆಂದರೆ ಹಿಡಿಯುವವರಿರಲಿಲ್ಲ. ಎಂಟನೆಯ ತರಗತಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿ ಗೆದ್ದು ಬಂದಳು. ಒಂಬತ್ತನೆಯ ತರಗತಿಯ ನಡುವೆ ಆಟದ ಅವಧಿಗೆ ಬರುವುದನ್ನೇ ಬಿಟ್ಟಳು. ವಿಚಾರಿಸಲು ಹೋದರೆ ತಾಯಿ ಅಂದದ್ದು ಇಷ್ಟೇ: "ಬಿಸಿಲಾಗ ಕರ್ರಗಾಗ್ಯಾಳ್ರಿ ಗುರುಗಳ. ನಾಳಿ ನೋಡಾಕ ಬಂದವ್ರಿಗೆ ಏನಂತ ಹೇಳೂಣು?" ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ನೋಡಲು ಬರುವವರು ಏನು ಕೇಳುತ್ತಾರೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹತ್ತನೆಯ ತರಗತಿಯ ಫಲಿತಾಂಶ ಬಂದ ವರ್ಷವೇ ಹುಡುಗಿಯ ಮದುವೆಯಾಯಿತು.

ಇಂಥವರು ಅವಳೊಬ್ಬಳೇ ಅಲ್ಲ. ಎಂಟನೆಯ ತರಗತಿಯಲ್ಲಿ ತಂಡ ಕಟ್ಟಲು ಹುಡುಗಿಯರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದೇ ತಂಡಕ್ಕೆ ಜನ ಸಾಲುತ್ತಿರಲಿಲ್ಲ. ಕಾಲಿನ ಬಲ ಕಡಿಮೆಯಾದದ್ದಲ್ಲ. ಚಡ್ಡಿಯ ಉದ್ದ, ಸಂಜೆಯ ಕತ್ತಲು, ಬೇರೆ ಊರಿನ ಪಂದ್ಯ, ಜೊತೆಗೆ ಹೋಗುವವರು ಯಾರು, ಓಣಿಯವರು ಏನೆಂದಾರು... ಸಾನಿಯಾರ ಅಂಕಣದಾಚೆ ಕುಳಿತಿದ್ದ ತೀರ್ಪುಗಾರರೇ ನಮ್ಮೂರ ಕಟ್ಟೆಯ ಮೇಲೂ ಕುಳಿತಿದ್ದಾರೆ. ವ್ಯತ್ಯಾಸವಿಷ್ಟೇ: ಸಾನಿಯಾ ಬಳಿ ಬೆನ್ನಿಗೆ ನಿಂತ ತಂದೆತಾಯಿಯರಿದ್ದರು, ಅವರು ಉತ್ತರ ಕೊಟ್ಟು ಆಡಿದರು. ನಮ್ಮ ಹುಡುಗಿಯರು ಉತ್ತರ ಕೊಡದೆ ಆಟ ಬಿಟ್ಟರು.

ಆಟವೆಂದರೆ ನಮ್ಮ ಕಡೆ ಎರಡು ಅರ್ಥವಿದೆ. ಕುಲಗೋಡವೆಂದರೆ ಶ್ರೀಕೃಷ್ಣ ಪಾರಿಜಾತದ ಊರು. ಕುಲಗೋಡ ತಮ್ಮಣ್ಣನ ಹೆಸರು ಹೇಳದೆ ಪಾರಿಜಾತದ ಮಾತೇ ಇಲ್ಲ. ಹೆಣ್ಣು ಪಾತ್ರವನ್ನು ಗಂಡಸೇ ಕಟ್ಟುತ್ತಿದ್ದ ಬಯಲಾಟದ ಲೋಕದಲ್ಲಿ ಹತ್ತಿರದ ಕೌಜಲಗಿಯ ನಿಂಗಮ್ಮ ಪಾರಿಜಾತ ಆಡಿ ಹೆಸರಾದರು. ಇಂದು ಅವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ರಂಗವೇರಿದ ಹೆಣ್ಣುಮಕ್ಕಳ ಆಟವನ್ನು ರಾತ್ರಿಯಿಡೀ ಬಾಯ್ತೆರೆದು ನೋಡಿ, ಬೆಳಗಾದೊಡನೆ ಅವರ ನಡತೆಯ ಲೆಕ್ಕ ಕೇಳುವುದು ಈ ನಾಡಿನ ಹಳೆಯ ರೂಢಿ. ಬಯಲಾಟವಿರಲಿ, ಟೆನ್ನಿಸ್ ಇರಲಿ, ಹೆಣ್ಣು ಆಡಿದರೆ ನಮ್ಮ ಕಣ್ಣು ಆಟದ ಮೇಲೆ ನಿಲ್ಲುವುದಿಲ್ಲ. ಸತ್ತ ಮೇಲೆ ಸಾಧಕಿ ಎನ್ನುತ್ತೇವೆ, ಆಡುವಾಗ ಸೊಕ್ಕಿನವಳು ಎನ್ನುತ್ತೇವೆ.

ಸಾನಿಯಾಗೆ ಮೊದಲೂ ಅವರ ನಂತರವೂ ಭಾರತದ ಮತ್ತೊಬ್ಬ ಮಹಿಳೆ ಸಿಂಗಲ್ಸ್‌ನ ಮೊದಲ ನೂರರೊಳಗೆ ಬಂದಿಲ್ಲ. ಟೆನ್ನಿಸ್ ದುಬಾರಿ ಆಟ. ಅಂಕಣ, ತರಬೇತಿ, ಪ್ರವಾಸ ಎಲ್ಲಕ್ಕೂ ಹಣ ಸುರಿಯಬೇಕು ಎಂಬುದು ಸರಿಯಾದ ಕಾರಣವೇ. ಆದರೆ ಹಣವಿರುವ ಮನೆಗಳೂ ಸಾಕಷ್ಟಿವೆಯಲ್ಲ? ಒಬ್ಬ ಹುಡುಗಿ ಗೆದ್ದಾಗ ಅವಳಿಗೆ ಆಗುವ ಮರ್ಯಾದೆಯನ್ನು ಸಾವಿರ ತಂದೆತಾಯಿಯರು ಮೌನವಾಗಿ ಗಮನಿಸುತ್ತಾರೆ. ಆರು ಗ್ರ್ಯಾನ್‌ಸ್ಲಾಮ್ ಗೆದ್ದವಳಿಗೇ ಈ ಗತಿಯಾದರೆ ನಮ್ಮ ಮಗಳಿಗೇಕೆ ಈ ಉಸಾಬರಿ ಎಂದುಕೊಳ್ಳುತ್ತಾರೆ. ನಾವು ಹಗುರವಾಗಿ ಆಡಿದ ಮಾತುಗಳ ಬೆಲೆಯನ್ನು ತೆರುವವರು ಇವರ ಮಕ್ಕಳು.

ಹಾಗೆಂದು ಎಲ್ಲವೂ ಕತ್ತಲೆಯಲ್ಲ. ನಮ್ಮದೇ ಜಿಲ್ಲೆಯ ತುರಮುರಿ ಗ್ರಾಮದ ಮಲಪ್ರಭಾ ಜಾಧವ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯ ಬಗೆಯಲ್ಲಿ ಕಂಚಿನ ಪದಕ ತಂದರು. ಹಳ್ಳಿಯ ರೈತನ ಮಗಳಿಗೆ ಮಣ್ಣು, ಬೆವರು, ಬಿಸಿಲು ಯಾವುದೂ ಅಡ್ಡಿಯಲ್ಲ. ಅಡ್ಡಿಯಾಗುವವರು ನಾವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? 2008ರಲ್ಲಿ ಬೆಂಗಳೂರಿನಿಂದ ದೂರ ಉಳಿದ ಸಾನಿಯಾರನ್ನು 2023ರಲ್ಲಿ ಅದೇ ಬೆಂಗಳೂರಿನ ಮಹಿಳಾ ಕ್ರಿಕೆಟ್ ತಂಡ ಮಾರ್ಗದರ್ಶಿಯಾಗಿ ಕರೆದುಕೊಂಡಿತು. "ಟೆನ್ನಿಸ್ ಆಡಿದವಳಿಗೆ ಕ್ರಿಕೆಟ್ ಏನು ಗೊತ್ತು?" ಎಂದು ನಕ್ಕವರಿದ್ದರು. ಸಾವಿರಾರು ಕಣ್ಣುಗಳು ಆಟವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅಳೆಯುತ್ತಿರುವಾಗ ಆಟದ ಮೇಲೆಯೇ ಮನಸ್ಸಿಡುವುದು ಹೇಗೆಂದು ಎಳೆಯ ಆಟಗಾರ್ತಿಯರಿಗೆ ಕಲಿಸಲು ಅವರಿಗಿಂತ ಹೆಚ್ಚು ಓದಿದವರು ಈ ದೇಶದಲ್ಲಿ ಯಾರಿದ್ದರು?

ಕೊನೆಯದಾಗಿ, ನಮ್ಮ ಭಾಗದ ತಂದೆತಾಯಿಯರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಈಗ ಸೇವೆಯಲ್ಲಿರುವ ನನ್ನ ವೃತ್ತಿಬಾಂಧವರಲ್ಲಿ ಒಂದು ವಿನಂತಿ. ನಮ್ಮ ಹಳ್ಳಿಗಳಿಗೆ ಟೆನ್ನಿಸ್ ಅಂಕಣ ಬರುವುದು ದೂರದ ಮಾತು. ಖೋ-ಖೋ ಕಂಬಗಳಿವೆ, ಕಬಡ್ಡಿಯ ಅಂಗಳವಿದೆ, ಓಡಲು ಬಯಲಿದೆ. ಹುಡುಗಿಯರ ಆಟದ ಅವಧಿಯನ್ನು ಕಸಿದು ಗಣಿತಕ್ಕೋ ಇಂಗ್ಲಿಷಿಗೋ ಕೊಡಬೇಡಿರಿ. ಬೇರೆ ಊರಿನ ಪಂದ್ಯಕ್ಕೆ ಹೋಗುವಾಗ ಒಬ್ಬ ಶಿಕ್ಷಕಿಯನ್ನು ಜೊತೆಗೆ ಕಳುಹಿಸಿರಿ, ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಕೊಡಿರಿ. ಎಂಟನೆಯ ತರಗತಿಯಲ್ಲಿ ಆಡಿದ ಹುಡುಗಿಯನ್ನು ಹತ್ತನೆಯ ತರಗತಿ ಮುಗಿಯುವವರೆಗಾದರೂ ಮೈದಾನದಲ್ಲಿ ಉಳಿಸಿಕೊಳ್ಳಿರಿ. ಅವಳು ಸೋತರೆ ಸೋಲನ್ನು ಟೀಕಿಸಿರಿ, ಓಟ ನಿಧಾನವಾದರೆ ಗದರಿಸಿರಿ. ಅದು ಗುರುವಿನ ಹಕ್ಕು. ಅವಳ ಬಣ್ಣದ ಬಗ್ಗೆ, ಬಟ್ಟೆಯ ಬಗ್ಗೆ, ಮುಂದೆ ಆಗಲಿರುವ ಮದುವೆಯ ಬಗ್ಗೆ ಮೈದಾನದ ಗೆರೆಯೊಳಗೆ ಒಂದು ಮಾತನ್ನೂ ಆಡಬೇಡಿರಿ.